ಪಕ್ಕದ ಸೀಟಿನ ಮಾತುಗಾರ

ಮುಂಬೈ ವಿಮಾನ ನಿಲ್ದಾಣಕ್ಕೆ ಹೆಸರಿಗೆ ಎರಡು ರನ್‌ವೇ. ಒಂದನ್ನೊಂದು ಅಡ್ಡಹಾಯುವುದರಿಂದ ದುಡಿಮೆಯೆಲ್ಲ ಹೆಚ್ಚುಕಡಿಮೆ ಒಂದರದ್ದೇ. ಅದರ ಮೇಲೆಯೇ ದಿನಕ್ಕೆ ಒಂಬೈನೂರಕ್ಕೂ ಹೆಚ್ಚು ಸಲ ವಿಮಾನಗಳು ಏರಿಳಿಯುತ್ತವೆ. ಇಷ್ಟು ಇಕ್ಕಟ್ಟನ್ನು ನಿಭಾಯಿಸುವುದು ರೇಡಿಯೋ ಮೇಲಿನ ಚುಟುಕು ಮಾತು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಿಗಳು ಮೊದಲು ತೊದಲುವುದೂ ಅಲ್ಲೇ.

2020ರ ಆಗಸ್ಟಿನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇದಕ್ಕೊಂದು ಉಪಾಯವಿದೆ: ರೇಡಿಯೋ ಕೆಲಸವನ್ನು ಕಾಣದ ಸಹಪೈಲಟ್‌ಗೆ ಒಪ್ಪಿಸಿಬಿಡಬಹುದು. ಕೇಳಬೇಕಾದ್ದನ್ನು ಅವನೇ ಕೇಳುತ್ತಾನೆ, ಆವರ್ತನ ಬದಲಿಸುತ್ತಾನೆ, ಅಪ್ಪಣೆ ಪಡೆಯುತ್ತಾನೆ. ಇದು ಸೋಮಾರಿಗಳ ಸೌಲಭ್ಯ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮಾತಾಡುವ ಆತಂಕ ಹೋದಮೇಲೇ ಆ ಮಾತಿನ ಚೆಲುವು ಕಿವಿಗೆ ಬೀಳುವುದು.

ಚೆಲುವಿರುವುದು ಮರುನುಡಿಯಲ್ಲಿ. ನಿಯಂತ್ರಕ ಹೇಳಿದ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. 'ರನ್‌ವೇ ಟೂ ಸೆವೆನ್, ಕ್ಲಿಯರ್ಡ್ ಫಾರ್ ಟೇಕಾಫ್' ಎಂದು ಗೋಪುರದಿಂದ ಬಂದದ್ದು ಮರುಕ್ಷಣವೇ ಪಕ್ಕದ ಸೀಟಿನಿಂದ ಅದೇ ಲಯದಲ್ಲಿ ಹೊರಡುತ್ತದೆ, ಬಾಲಕ್ಕೆ ನಮ್ಮ ವಿಮಾನದ ಗುರುತಾದ 'ವಿಕ್ಟರ್ ಟ್ಯಾಂಗೋ' ಅಂಟಿಸಿಕೊಂಡು. ವಿರಾರ್ ಲೋಕಲ್ಲಿನ ಭಜನಾ ಮಂಡಳಿಯಲ್ಲಿ ಒಬ್ಬ ಸೊಲ್ಲೆತ್ತಿದರೆ ಉಳಿದವರು ಅದನ್ನೇ ಹಿಡಿಯುತ್ತಾರಲ್ಲ, ಆ ಸುಖ ಇದರಲ್ಲೂ ಇದೆ. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಬಾಯಿಗೆ ಬಿಡುವಾದರೆ ಕಣ್ಣಿಗೆ ಸುಗ್ಗಿ. 27ರಿಂದ ಪಡುವಣಕ್ಕೆ ಏರಿದರೆ ಕೆಳಗೆ ವಿಲೇಪಾರ್ಲೆ, ಆಚೆ ಜುಹು, ಮತ್ತೆ ಕಡಲು. ಆ ಜುಹುವಿನ ಪುಟ್ಟ ನಿಲ್ದಾಣಕ್ಕೇ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ತಂದು ಇಳಿದದ್ದು. ಅವರ ಪಸ್ ಮಾತ್ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಮಾತಾಡಲು ಆಚೆ ತುದಿಯಲ್ಲಿ ಯಾರಿದ್ದರು! ನಲವತ್ತು ವರ್ಷಗಳ ನಂತರ, 1972ರ ಸೆಪ್ಟೆಂಬರ್ 24ರಂದು, ರೇಡಿಯೋವೂ ಮಾತಾಡುವವರೂ ಇದ್ದ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಮುಂಬೈನ ದೊಡ್ಡ ನಿಲ್ದಾಣವಾದ ಸಾಂತಾಕ್ರೂಜ್ ಎಂದುಕೊಂಡು ಅದೇ ಜುಹುವಿನಲ್ಲಿ ಇಳಿದು ರನ್‌ವೇ ದಾಟಿಹೋಯಿತು. ಯಾರೂ ಸಾಯಲಿಲ್ಲ. ಕಡಲ ಕಡೆಯಿಂದ ಬರುವವರಿಗೆ ಜುಹು ಮೊದಲು ಕಣ್ಣಿಗೆ ಬೀಳುತ್ತದೆ. ಸಿಮ್ಯುಲೇಟರಿನಲ್ಲಿ ಒಮ್ಮೆ ಹಾಗೆ ಬಂದು ನೋಡಿದರೆ ಆ ಪೈಲಟ್‌ಗಳ ಮೇಲಿನ ಸಿಟ್ಟು ಇಳಿಯುತ್ತದೆ.

ನಮ್ಮ ಸಹಪೈಲಟ್‌ನ ಕೊರತೆಗಳನ್ನೂ ಹೇಳಬೇಕು. ನಿಜವಾದ ರೇಡಿಯೋದಲ್ಲಿ ಒಬ್ಬರ ಮೇಲೊಬ್ಬರು ಬೀಳುವ ದನಿಗಳ ನಡುವೆ ಸಂದು ಹುಡುಕಬೇಕು. ಇವನಿಗೆ ಆ ಪಾಡಿಲ್ಲ. ಇಲ್ಲಿನ ಪೈಲಟ್‌ಗಳು ಎಷ್ಟೋ ಸಲ ನಿಯಂತ್ರಕರಿಗೆ ಒಂದು 'ನಮಸ್ಕಾರ್' ಹಾಕುತ್ತಾರೆ. ಇವನಿಗೆ ಅದೂ ಬಾರದು. ಮಾತಿನಲ್ಲಿ ಅಚ್ಚುಕಟ್ಟು, ಊರಿನ ವಾಸನೆಯಿಲ್ಲ.

ಮುಂಬೈ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ತವರಿನ ದಾರಿಯಾದ ಮಂಗಳೂರಿನ ಕಡೆಗೆ ಹಾರುವಾಗ ಇನ್ನೊಂದು ಕೊರತೆ ಕಾಣುತ್ತದೆ, ಇದು ದೊಡ್ಡದು. ಅಲ್ಲಿನ ಬಜ್ಪೆ ನಿಲ್ದಾಣದ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ತುದಿ ದಾಟಿದರೆ ಇಳಿಜಾರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಅಲ್ಲಿ ಉರುಳಿ 158 ಮಂದಿ ತೀರಿಕೊಂಡರು. ಇಳಿಯಬೇಡಿ, ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಕ್ಯಾಪ್ಟನ್ ಕಿವಿಗೊಡಲಿಲ್ಲ. ನನ್ನ ಪಕ್ಕದವನು ಗೋಪುರದೊಡನೆ ಎಷ್ಟು ಸೊಗಸಾಗಿ ಮಾತಾಡಿದರೂ ನನ್ನೊಡನೆ ಆ ಮಾತು ಎತ್ತಲಾರ. ನಾನು ಎತ್ತರದಲ್ಲಿ, ವೇಗ ಮೀರಿ ಬರುತ್ತಿದ್ದರೂ ಅವನು ಇಳಿಯುವ ಅಪ್ಪಣೆಯನ್ನು ಅದೇ ತಣ್ಣನೆಯ ದನಿಯಲ್ಲಿ ಮರುನುಡಿಯುತ್ತಾನೆ. ಹಾಗಾಗಿ ಬಜ್ಪೆಯಲ್ಲಿ ರೇಡಿಯೋ ಅವನಿಗೇ ಬಿಟ್ಟು, ಬೇಡ ಎನ್ನುವ ಕೆಲಸ ನಾನು ಇಟ್ಟುಕೊಳ್ಳುತ್ತೇನೆ.