ಲೆಕ್ಕದ ವಾಕ್ಯ: ‘ಗಣಿತಸಾರಸಂಗ್ರಹ’ದ ಒಂದು ಉದಾಹರಣೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ವಿದ್ಯಾರ್ಥಿಗೆ ಕೊಡುವ ಲೆಕ್ಕದಲ್ಲಿ ಸೇಬನ್ನು ತೆಗೆದು ಮೆಣಸಿನಕಾಯಿಯನ್ನಿಟ್ಟರೆ ಅದು ತಾನಾಗಿ ಅರ್ಥವಾಗುವುದೆಂಬ ನಂಬಿಕೆಯುಂಟು. ಇದು ಅರ್ಧಸತ್ಯ. “ರಾಣೇಬೆನ್ನೂರಿನ ವರ್ತಕನಲ್ಲಿ 12 ಚೀಲ ಮೆಣಸಿನಕಾಯಿಯಿದೆ, ಇದು ಬ್ಯಾಡಗಿಯ ವರ್ತಕನಲ್ಲಿರುವುದಕ್ಕಿಂತ 4 ಚೀಲ ಹೆಚ್ಚು, ಬ್ಯಾಡಗಿಯವನಲ್ಲಿ ಎಷ್ಟು?” ಎಂದು ಕೇಳಿದರೆ, ‘ಹೆಚ್ಚು’ ಎಂಬ ಶಬ್ದವನ್ನು ಕಂಡೊಡನೆ ಕೂಡಿಸಲು ಕಲಿತವನು 16 ಎನ್ನುವನು. ಉತ್ತರ 8. ತೊಡಕಿರುವುದು ಸರಕಿನಲ್ಲಲ್ಲ, ‘ಕ್ಕಿಂತ’ ಎಂಬ ಪುಟ್ಟ ರೂಪದಲ್ಲಿ. ಯಾವುದನ್ನು ಯಾವುದರೊಡನೆ ಹೋಲಿಸಿದೆಯೆಂಬುದನ್ನು ಗ್ರಹಿಸದೆ ಸಂಖ್ಯೆಗಳನ್ನು ಮುಟ್ಟಲಾಗದು. (‘ಎರಡು ಪಟ್ಟು ಹೆಚ್ಚು’ ಎಂಬುದಂತೂ ಪ್ರಶ್ನೆಪತ್ರಿಕೆಗಳಿಂದ ತೊಲಗಬೇಕಾದ ಮಾತು: ಎರಡರಷ್ಟೋ, ಮೂರರಷ್ಟೋ?)

ಈ ದೃಷ್ಟಿಯಿಂದ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ವು ಪರಿಶೀಲನಾರ್ಹವಾದುದು. ಸುಮಾರು ಕ್ರಿ.ಶ. 850ರ ಈ ಗ್ರಂಥ ಅಮೋಘವರ್ಷ ನೃಪತುಂಗನ ಕಾಲದ್ದು. ಹಾವೇರಿ ಜಿಲ್ಲೆಯ ಬಂಕಾಪುರವು ಅವನ ದಂಡನಾಯಕ ಬಂಕೇಶನ ಹೆಸರನ್ನು ಹೊತ್ತಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಮದರಾಸಿನಿಂದ ಪ್ರಕಟಿಸಿದರು.

ಅದರ ಒಂದು ಲೆಕ್ಕದ ಭಾವ ಹೀಗಿದೆ: ಮೂವರು ವರ್ತಕರು ದಾರಿಯಲ್ಲಿ ಒಂದು ಹಮ್ಮಿಣಿಯನ್ನು ಕಾಣುತ್ತಾರೆ. ಅದು ತನಗೆ ದೊರೆತರೆ ತನ್ನ ಧನ ಉಳಿದಿಬ್ಬರ ಒಟ್ಟು ಧನದ ಎರಡರಷ್ಟಾಗುವುದೆಂದು ಮೊದಲನೆಯವನೂ, ಮೂರರಷ್ಟೆಂದು ಎರಡನೆಯವನೂ, ಐದರಷ್ಟೆಂದು ಮೂರನೆಯವನೂ ಹೇಳುತ್ತಾರೆ. ಇಲ್ಲಿ ಕೂಡಿಸೆಂದಾಗಲಿ ಕಳೆಯೆಂದಾಗಲಿ ಸೂಚಿಸುವ ಒಂದು ಶಬ್ದವೂ ಇಲ್ಲ. ಇದೇ ಇದರ ಗುಣ. ಹಮ್ಮಿಣಿಯೂ ಸೇರಿದ ಸಮಸ್ತ ಧನವನ್ನು ಒಂದು ರಾಶಿಯೆಂದು ಭಾವಿಸೋಣ. ಮೊದಲನೆಯವನದು ಹಮ್ಮಿಣಿಯೊಡನೆ ಎರಡು ಪಾಲಾದರೆ ಉಳಿದಿಬ್ಬರದು ಒಂದು ಪಾಲು, ಎಂದರೆ ರಾಶಿಯ ಮೂರನೆಯ ಒಂದು. ಎರಡನೆಯವನ ಮಾತಿನಿಂದ ನಾಲ್ಕನೆಯ ಒಂದು, ಮೂರನೆಯವನ ಮಾತಿನಿಂದ ಆರನೆಯ ಒಂದು ದೊರೆಯುತ್ತವೆ. ರಾಶಿಯನ್ನು 24 ಎಂದಿಟ್ಟರೆ ಜೋಡಿಗಳ ಧನ 8, 6, 4. ಇವುಗಳ ಮೊತ್ತ 18ರಲ್ಲಿ ಪ್ರತಿಯೊಬ್ಬನೂ ಎರಡು ಬಾರಿ ಬಂದಿರುವುದರಿಂದ ಮೂವರ ಧನ 9, ಹಮ್ಮಿಣಿ 15; ಬಿಡಿಯಾಗಿ 1, 3, 5. ಬೀಜಾಕ್ಷರವಿಲ್ಲದೆ, ವಾಕ್ಯವನ್ನು ಸರಿಯಾಗಿ ಓದಿದುದರಿಂದಲೇ ಇದು ಸಾಧ್ಯವಾಯಿತು.

ಗ್ರಂಥದ ಕ್ರಮದಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಸೂತ್ರ ಮೊದಲು, ಉದಾಹರಣೆ ಅನಂತರ. ಗುರುಮುಖದಿಂದ ಕಲಿಯುವವನಿಗೆ ಇದು ಹೊಂದಿರಬಹುದು. ಇಂದಿನ ತರಗತಿಯಲ್ಲಿ ಇದೇ ಕ್ರಮವನ್ನನುಸರಿಸಿದರೆ ವಿದ್ಯಾರ್ಥಿಯು ಕಥೆಯನ್ನು ಬಿಟ್ಟು ಅಂಕಿಗಳನ್ನಷ್ಟೇ ಸೂತ್ರಕ್ಕೆ ತುಂಬುತ್ತಾನೆ. ಜಾರ್ಜ್ ಪೋಲ್ಯ 1945ರ ತನ್ನ ಪುಸ್ತಕದಲ್ಲಿ ಪ್ರಶ್ನೆಯನ್ನು ಅರಿಯುವುದನ್ನೇ ಮೊದಲ ಹಂತವಾಗಿಟ್ಟನು, ಉತ್ತರವನ್ನು ಹಿಂದಿರುಗಿ ನೋಡುವುದನ್ನು ಕೊನೆಯದಾಗಿ. ಹಿಂದಿರುಗಿ ನೋಡಿದರೆ ಇಲ್ಲಿ ನಾಲ್ಕು ಅಜ್ಞಾತಗಳಿಗೆ ಮೂರೇ ನಿಬಂಧನೆಗಳಿವೆ. ಹಮ್ಮಿಣಿಯಲ್ಲಿ 30, ವರ್ತಕರಲ್ಲಿ 2, 6, 10 ಎಂಬುದೂ ಅಷ್ಟೇ ಸರಿ. ಹೀಗೆ ಬರೆದವನಿಗೆ ಪೂರ್ಣ ಅಂಕ ಕೊಡುವ ಪರೀಕ್ಷಕನೂ ಬೇಕು.