‘ಉಷ್ಣದೀಪ್ತಿ’ ಎಂಬ ಪರಿಭಾಷೆಯ ವಿಮರ್ಶೆ

ಕೆಲವು ಸ್ಫಟಿಕಗಳನ್ನೂ ಖನಿಜಗಳನ್ನೂ ಸುಟ್ಟ ಮಣ್ಣಿನ ಪಾತ್ರೆಗಳ ಚೂರ್ಣವನ್ನೂ ಕತ್ತಲೆಯಲ್ಲಿಟ್ಟು ಕ್ರಮವಾಗಿ ಕಾಯಿಸಿದರೆ, ಅವು ಕೆಂಡದಂತೆ ಕೆಂಪಾಗುವುದಕ್ಕೆ ಬಹು ಮೊದಲೇ ಮಂದವಾದೊಂದು ಬೆಳಕನ್ನು ಬೀರುವುವು. ಈ ಧರ್ಮಕ್ಕೆ ಪಾಶ್ಚಾತ್ಯರು ಥರ್ಮೋಲ್ಯೂಮಿನೆಸೆನ್ಸ್ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಇದನ್ನು ಉಷ್ಣದೀಪ್ತಿ, ಉಷ್ಣಸಂದೀಪ್ತಿ, ತಾಪದೀಪ್ತಿ ಎಂದು ಹಲವು ಬಗೆಯಾಗಿ ಹೇಳಬಹುದು. ಇವುಗಳಲ್ಲಿ ಯಾವುದು ಸಾಧು, ಯಾವುದು ವಸ್ತುಸ್ವರೂಪಕ್ಕೆ ವಿರುದ್ಧ ಎಂಬುದೇ ಪ್ರಕೃತ ವಿಚಾರದ ವಿಷಯ.

ಭೌತಶಾಸ್ತ್ರದ ಮಾತು ಸಾಹಿತ್ಯೋಪಾಧ್ಯಾಯರಿಗೇಕೆ ಎಂದು ಕೇಳಬಾರದು. ಸಮಾಸದ ವಿಗ್ರಹವನ್ನು ನಿರ್ಣಯಿಸುವ ಭಾರ ವೈಯಾಕರಣನದು. ಅದಲ್ಲದೆ ಈ ದೀಪ್ತಿಯನ್ನು ಅಳೆದು ಪಡೆದ ಕಾಲನಿರ್ಣಯಗಳು ಕರ್ನಾಟಕದ ಪ್ರಾಚೀನ ಚರಿತ್ರೆಯ ಗ್ರಂಥಗಳಲ್ಲಿ ಸೇರಿರುವುವು. ಹೆಸರಿನ ಅರ್ಥ ತಪ್ಪಿದರೆ ಆ ಸಂಖ್ಯೆಗಳ ಅರ್ಥವೂ ತಪ್ಪುವುದು.

ಈ ಪರೀಕ್ಷೆಗೆ ಬೆಂಗಳೂರು ಕಂಟೋನ್ಮೆಂಟಿನ ರಿಚರ್ಡ್ಸ್ ಟೌನ್ ಯೋಗ್ಯವಾದ ನಿಕಷವಾಗಿದೆ. ಆ ಬಡಾವಣೆಯು ಎಫ್. ಜೆ. ರಿಚರ್ಡ್ಸ್ ಎಂಬ ಕಲೆಕ್ಟರರ ಹೆಸರನ್ನು ಹೊತ್ತಿರುವುದು. ಪುರಾತತ್ತ್ವದಲ್ಲಿ ಆಸಕ್ತರಾಗಿದ್ದ ಅವರು ೧೯೦೯ರಲ್ಲಿ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯು ಹುಟ್ಟುವುದಕ್ಕೆ ಕಾರಣರಾದವರಲ್ಲಿ ಪ್ರಮುಖರು. ಅಲ್ಲಿ ಕನ್ನಡದೊಡನೆ ತಮಿಳು, ಉರ್ದು, ಇಂಗ್ಲಿಷ್ ಮಾತುಗಳೂ ಮನೆಮನೆಯಲ್ಲಿ ಕೇಳಿಬರುವುವು. ಕನ್ನಡವನ್ನು ಪಾಠಶಾಲೆಯಲ್ಲಿಯೇ ಕಲಿಯುವ ಅಲ್ಲಿನ ವಿದ್ಯಾರ್ಥಿಗೆ ರೂಢಿಯ ನೆರವಿಲ್ಲ. ಪರಿಭಾಷೆಯ ಅರ್ಥವು ಅವನಿಗೆ ಅದರ ಅವಯವಗಳಿಂದಲೇ ಹೊರಡಬೇಕು. ಆದುದರಿಂದ ಅಂತಹ ವಿದ್ಯಾರ್ಥಿಗೆ ಸರಿಯಾದ ಬೋಧವನ್ನು ಕೊಡುವ ಶಬ್ದವೇ ಸರಿಯಾದ ಶಬ್ದವೆನ್ನಬೇಕು.

ಮೊದಲು ವಸ್ತುಸ್ವರೂಪವನ್ನು ನೋಡೋಣ. ೧೬೬೩ರಲ್ಲಿ ರಾಬರ್ಟ್ ಬಾಯ್ಲ್ ಎಂಬ ಆಂಗ್ಲ ವಿದ್ವಾಂಸರು ಒಂದು ವಜ್ರವನ್ನು ಕತ್ತಲೆಯಲ್ಲಿ ದೇಹದ ಬಿಸುಪಿಗೆ ಒತ್ತಿ ಹಿಡಿದಾಗ ಅದು ಮಿನುಗಿದುದನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದರು. ತಾಪಮಾತ್ರದಿಂದ ಹುಟ್ಟದ ಬೆಳಕಿಗೆಲ್ಲ ಲ್ಯೂಮಿನೆಸೆನ್ಸ್ ಎಂಬ ಸಾಮಾನ್ಯಸಂಜ್ಞೆಯನ್ನು ೧೮೮೮ರಲ್ಲಿ ಜರ್ಮನಿಯ ಐಲ್ಹಾರ್ಡ್ ವೀಡೆಮನ್ ರೂಪಿಸಿದರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೇರಿ ಕ್ಯೂರಿಯವರು, ಒಮ್ಮೆ ಕಾಯಿಸಿ ಬೆಳಕನ್ನು ಕಳೆದುಕೊಂಡ ಫ್ಲೂರೈಟ್ ಖನಿಜವು ರೇಡಿಯಂ ಕಿರಣಗಳಿಗೆ ಒಡ್ಡಿದ ಮೇಲೆ ಮತ್ತೆ ಬೆಳಗುವ ಶಕ್ತಿಯನ್ನು ಪಡೆಯುವುದೆಂದು ಬರೆದರು. ಈ ಒಂದು ಮಾತಿನಲ್ಲಿ ವಿಷಯದ ಮರ್ಮವೆಲ್ಲ ಅಡಗಿದೆ.

ಬೆಂಗಳೂರಿನ ವಿದ್ವಾಂಸರಿಗೂ ಈ ವಿಷಯದಲ್ಲಿ ಪಾಲುಂಟು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯವರ್ಗವು ೧೯೪೦ರ ದಶಕದಲ್ಲಿ ವಜ್ರದ ದೀಪ್ತಿಗಳನ್ನು ಬಹುಮುಖವಾಗಿ ಶೋಧಿಸಿತು. ಅಣ್ಣಾ ಮಣಿಯವರು ಅನೇಕ ವಜ್ರಗಳ ಪ್ರತಿದೀಪ್ತಿಯ ವರ್ಣಪಟಲಗಳನ್ನು ಪರೀಕ್ಷಿಸಿದರು. ವಿ. ಚಂದ್ರಶೇಖರನ್ನರು ೧೯೪೬ರಲ್ಲಿ ವಜ್ರದ ಥರ್ಮೋಲ್ಯೂಮಿನೆಸೆನ್ಸನ್ನೇ ಕುರಿತು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಈಗ ಅನ್ವಯವ್ಯತಿರೇಕಗಳಿಂದ ಕಾರಣವನ್ನು ಪರೀಕ್ಷಿಸಬೇಕು. ಸ್ಫಟಿಕವನ್ನು ಮೊದಲ ಸಲ ಕಾಯಿಸಿದರೆ ಬೆಳಕುಂಟು. ತಣಿಸಿ ಒಡನೆಯೇ ಎರಡನೆಯ ಸಲ ಅಷ್ಟೇ ಕಾಯಿಸಿದರೆ ಆ ಬೆಳಕಿಲ್ಲ. ತಾಪವಿದ್ದೂ ಕಾರ್ಯವು ಹುಟ್ಟದಿರುವುದರಿಂದ ತಾಪವೊಂದೇ ಕಾರಣವೆಂಬ ಮಾತು ನಿಲ್ಲದು. ನಡುವೆ ವಿಕಿರಣಕ್ಕೆ ಒಡ್ಡಿದರೆ ಬೆಳಕು ಮರಳುವುದು. ನ್ಯಾಯಶಾಸ್ತ್ರದ ಪಾಠದಲ್ಲಿ ‘ಪಾರ್ಥಿವವಾದುದೆಲ್ಲ ಲೋಹದಿಂದ ಗೀಚಲ್ಪಡುವುದು’ ಎಂಬ ವ್ಯಾಪ್ತಿಗೆ ವಜ್ರದಲ್ಲಿ ವ್ಯಭಿಚಾರವನ್ನು ತೋರಿಸುವುದು ಪ್ರಸಿದ್ಧ. ‘ಕಾಯಿಸಿದಾಗ ಬೆಳಗುವುದೆಲ್ಲ ಕಾವಿನಿಂದಲೇ ಬೆಳಗುವುದು’ ಎಂಬ ವ್ಯಾಪ್ತಿಗೂ ಅದೇ ವಜ್ರವು ವ್ಯಭಿಚಾರಸ್ಥಾನವಾಗಿರುವುದು ವಿನೋದಕರವಾಗಿದೆ.

ಹಾಗಾದರೆ ಒಳಗೆ ನಡೆಯುವುದೇನು? ಮಣ್ಣಿನಲ್ಲಿಯೂ ಕಲ್ಲಿನಲ್ಲಿಯೂ ಸ್ವಲ್ಪಮಾತ್ರವಾಗಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದಲೂ ಆಕಾಶದಿಂದ ಬರುವ ವಿಶ್ವಕಿರಣಗಳಿಂದಲೂ ವಿಕಿರಣವು ಸದಾ ಹೊರಡುತ್ತಿರುವುದು. ಅದು ಸ್ಫಟಿಕದಲ್ಲಿರುವ ಎಲೆಕ್ಟ್ರಾನುಗಳನ್ನು ಅವುಗಳ ನೆಲೆಯಿಂದ ಎಬ್ಬಿಸುವುದು. ಎದ್ದವುಗಳಲ್ಲಿ ಕೆಲವು ಸ್ಫಟಿಕರಚನೆಯ ದೋಷಸ್ಥಾನಗಳಲ್ಲಿ ಸಿಕ್ಕಿಬಿದ್ದು ಅಲ್ಲಿಯೇ ನಿಲ್ಲುವುವು. ಕಾಯಿಸಿದಾಗ ಅವು ಬಿಡುಗಡೆ ಹೊಂದಿ ಮರಳುವಾಗ ತಮ್ಮ ಅಧಿಕ ಶಕ್ತಿಯನ್ನು ಬೆಳಕಾಗಿ ಬಿಡುವುವು. ಶಕ್ತಿಯನ್ನು ಕೂಡಿಟ್ಟುದು ವಿಕಿರಣ. ಕಾವು ಬಾಗಿಲನ್ನು ತೆರೆಯಿತಷ್ಟೆ. ‘ಬೆಳಕನ್ನು ಕೂಡಿಟ್ಟ ಕಲ್ಲು’ ಎಂದು ಹೇಳುವುದೂ ಲಾಕ್ಷಣಿಕಪ್ರಯೋಗವೇ. ಕಲ್ಲಿನೊಳಗೆ ಬೆಳಕಿಲ್ಲ, ಬೆಳಕಾಗಬಲ್ಲ ಶಕ್ತಿಯಿದೆ. ಆದುದರಿಂದ ಇದನ್ನು ಸಾಂಖ್ಯರ ಸತ್ಕಾರ್ಯವಾದಕ್ಕೆ ಪ್ರಮಾಣವೆಂದು ಎತ್ತಿ ಹೇಳುವುದು ಸಾಹಸವಾಗುವುದು.

ಇನ್ನು ಶಬ್ದಗಳ ವಿಚಾರ. ‘ಉಷ್ಣದೀಪ್ತಿ’ಯಲ್ಲಿ ಉಷ್ಣಶಬ್ದವು ವಿಶೇಷಣವೂ ಹೌದು, ನಾಮವೂ ಹೌದು. ಕೇಳಿದೊಡನೆ ತೋರುವುದು ಕರ್ಮಧಾರಯ: ಉಷ್ಣವಾದ ದೀಪ್ತಿ, ಎಂದರೆ ಬಿಸಿಯಾದ ಬೆಳಕು. ಇದು ವಸ್ತುಸ್ವರೂಪಕ್ಕೆ ನೇರವಾಗಿ ವಿರುದ್ಧ. ಏಕೆಂದರೆ ಈ ವರ್ಗದ ಬೆಳಕಿನ ಲಕ್ಷಣವೇ ತಾಪಮಾತ್ರದಿಂದ ಹುಟ್ಟದಿರುವುದು. ತೃತೀಯಾತತ್ಪುರುಷವೆಂದು ಬಿಡಿಸಿದರೆ ‘ಉಷ್ಣದಿಂದಾದ ದೀಪ್ತಿ’ ಎಂದಾಗುವುದು. ಅದು ಕಾದ ಕಬ್ಬಿಣದ ಕೆಂಪಿಗೂ ವಿದ್ಯುದ್ದೀಪದ ಒಳಗಿನ ತಂತಿಯ ಬೆಳಕಿಗೂ ಹೊಂದುವುದಲ್ಲದೆ ಇದಕ್ಕೆ ಹೊಂದದು. ಹೀಗೆ ಒಂದು ವಿಗ್ರಹದಲ್ಲಿ ಅಸಂಭವದೋಷವೂ ಮತ್ತೊಂದರಲ್ಲಿ ಅತಿವ್ಯಾಪ್ತಿಯೂ ಬರುವುವು.

‘ಉಷ್ಣಸಂದೀಪ್ತಿ’ಯು ಇನ್ನೂ ದುರ್ಬಲ. ಸಂ ಎಂಬ ಉಪಸರ್ಗವು ದೀಪ್‌ಧಾತುವಿಗೆ ಸೇರಿದಾಗ ಚೆನ್ನಾಗಿ ಹೊತ್ತಿಕೊಳ್ಳುವುದು, ಉರಿಸುವುದು ಎಂಬ ಅರ್ಥವೇ ಮುಂದಾಗುವುದು. ಕಾವ್ಯಗಳಲ್ಲಿ ಸಂದೀಪನವೆಂದರೆ ಕೆರಳಿಸುವಿಕೆ. ಉರಿಯದೆ ಬೆಳಗುವ ವಸ್ತುವಿಗೆ ಉರಿಯನ್ನು ಸೂಚಿಸುವ ಉಪಸರ್ಗವನ್ನು ಹಚ್ಚುವುದು ಉಚಿತವಲ್ಲ. ಸರಳವಾಗಲೆಂದು ‘ಬಿಸಿದೀಪ್ತಿ’ ಎಂದರೆ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಚಾರಿಸಿರುವ ಅರಿಸಮಾಸವಾಗುವುದು. ‘ಕಾವುಬೆಳಕು’ ಅಚ್ಚಗನ್ನಡವಾಗಿ ಸಾಧುವಾದರೂ ಅದರಲ್ಲಿಯೂ ಹಿಂದಿನ ಸಂದಿಗ್ಧತೆ ನೀಗದು.

ಉಳಿದುದು ‘ತಾಪದೀಪ್ತಿ’. ತಾಪಶಬ್ದವು ನಾಮವೇ ಆಗಿರುವುದರಿಂದ ‘ಬಿಸಿಯಾದ ಬೆಳಕು’ ಎಂಬ ಕರ್ಮಧಾರಯಕ್ಕೆ ಎಡೆಯಿಲ್ಲ. ‘ತಾಪದಿಂದಾದ’ ಎಂಬ ತೃತೀಯಾತತ್ಪುರುಷದ ಶಂಕೆಯೊಂದು ಮಾತ್ರ ನಿಲ್ಲುವುದು. ಅದನ್ನು ಮಧ್ಯಮಪದಲೋಪದಿಂದ ಪರಿಹರಿಸಬಹುದು. ಶಾಕಪ್ರಿಯನಾದ ಪಾರ್ಥಿವನು ಶಾಕಪಾರ್ಥಿವನಾಗುವಂತೆ, ತಾಪಪ್ರೇರಿತವಾದ ದೀಪ್ತಿಯು ತಾಪದೀಪ್ತಿಯಾಗುವುದು. ಲೋಪವಾದ ‘ಪ್ರೇರಿತ’ ಎಂಬ ಪದದಲ್ಲಿಯೇ ಶಾಸ್ತ್ರಾರ್ಥವು ನಿಂತಿದೆ. ಭೌತಶಾಸ್ತ್ರಜ್ಞರೂ ಇದನ್ನು ‘ಥರ್ಮಲಿ ಸ್ಟಿಮ್ಯುಲೇಟೆಡ್ ಲ್ಯೂಮಿನೆಸೆನ್ಸ್’ ಎಂದು ಬಿಡಿಸಿ ಹೇಳುವುದು ಈ ವಿಗ್ರಹಕ್ಕೆ ಪೋಷಕವಾಗಿದೆ. ೧೯೮೫ರಲ್ಲಿ ಹಂಟ್ಲಿ ಮತ್ತು ಅವರ ಸಹಕಾರಿಗಳು, ಕಾಯಿಸದೆ ಬೆಳಕನ್ನೇ ಹಾಯಿಸಿ ಹುದುಗಿದ ಶಕ್ತಿಯನ್ನು ಹೊರಡಿಸುವ ಕ್ರಮವನ್ನು ತೋರಿಸಿದರು. ಅದಕ್ಕೆ ‘ಪ್ರಕಾಶಪ್ರೇರಿತದೀಪ್ತಿ’ ಎಂಬ ಹೆಸರು ಸಹಜವಾಗಿ ದೊರೆಯುವುದು. ಒಂದೇ ಕುಲದ ಎರಡು ವಸ್ತುಗಳಿಗೆ ಒಂದೇ ಅಚ್ಚಿನ ಎರಡು ಹೆಸರುಗಳು ಸಿಕ್ಕುವುದು ಪರಿಭಾಷೆಯ ಗುಣವಷ್ಟೆ.

ಇಲ್ಲಿ ಒಂದು ಆಕ್ಷೇಪ. ಪಂಕದಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲ. ಆದರೂ ಯೋಗರೂಢಿಯಿಂದ ಆ ಶಬ್ದವು ತಾವರೆಯನ್ನೇ ಹೇಳುವುದು. ಹಾಗೆಯೇ ಉಷ್ಣದೀಪ್ತಿಯೂ ರೂಢಿಬಲದಿಂದ ಸಾಧುವಾಗಬಾರದೇಕೆ? ಸಮಾಧಾನ: ತಾವರೆಯು ಪಂಕದಲ್ಲಿ ಹುಟ್ಟಿದುದು ಸತ್ಯವೇ. ಅಲ್ಲಿ ರೂಢಿಯು ಯೋಗಾರ್ಥವನ್ನು ಸಂಕೋಚಗೊಳಿಸುವುದಲ್ಲದೆ ಸುಳ್ಳಾಗಿಸುವುದಿಲ್ಲ. ಇಲ್ಲಿಯಾದರೋ ಯೋಗಾರ್ಥವೇ ಅಸತ್ಯ. ಮೇಲಾಗಿ ರೂಢಿಯು ಜನರ ಬಾಯಲ್ಲಿ ಬಹುಕಾಲ ಬಾಳಿದ ಶಬ್ದಕ್ಕೆ ಬರತಕ್ಕದ್ದು. ಪಾಠಪುಸ್ತಕದಲ್ಲಿಯೇ ಹುಟ್ಟಿ ಪಾಠಪುಸ್ತಕದಲ್ಲಿಯೇ ಉಳಿದ ಶಬ್ದಕ್ಕೆ ಆ ಬಲವಿಲ್ಲ.

ಇನ್ನೊಂದು ಆಕ್ಷೇಪವುಂಟು. ಸೂರ್ಯಕಾಂತಶಿಲೆಯು ಪರತೇಜಸ್ಸು ಸೋಕಿದಾಗ ಬೆಂಕಿಯನ್ನು ಕಾರುವುದೆಂದು ಕವಿಗಳು ಹೇಳಿರುವರು; ಶಾಕುಂತಲದ ಎರಡನೆಯ ಅಂಕದಲ್ಲಿ ಶಾಂತರಾದ ತಪಸ್ವಿಗಳ ಗೂಢತೇಜಸ್ಸಿಗೆ ಕಾಳಿದಾಸನು ಅದನ್ನೇ ಉಪಮಾನವಾಗಿ ತಂದಿರುವನು; ಆದುದರಿಂದ ತಾಪದೀಪ್ತಿಯು ಪ್ರಾಚೀನರಿಗೆ ತಿಳಿದಿತ್ತೆನ್ನಬಹುದಲ್ಲವೇ? ಇದು ಒಪ್ಪತಕ್ಕುದಲ್ಲ. ಯಾಸ್ಕನು ನಿರುಕ್ತದ ಏಳನೆಯ ಅಧ್ಯಾಯದಲ್ಲಿ, ಒರಸಿದ ಕಂಚನ್ನಾಗಲಿ ಮಣಿಯನ್ನಾಗಲಿ ಸೂರ್ಯನಿಗೆ ಎದುರಾಗಿ ಹಿಡಿದರೆ, ಅದಕ್ಕೆ ತಾಗದಂತೆ ಇಟ್ಟ ಒಣಸಗಣಿಯು ಹೊತ್ತಿಕೊಳ್ಳುವುದೆಂದು ಸ್ಪಷ್ಟವಾಗಿ ಹೇಳಿರುವನು. ಕಂಚಿನಿಂದಲೂ ಅದೇ ಫಲವಾಗುವುದರಿಂದ ಇದು ಕಿರಣಗಳನ್ನು ಒಂದೆಡೆಗೆ ಕೂಡಿಸುವ ಕ್ರಿಯೆ. ಹುದುಗಿದ ಶಕ್ತಿಯ ಬಿಡುಗಡೆಯಲ್ಲ. ಕಾಳಿದಾಸನ ಉಪಮೆಯು ಉಪಮೆಯಾಗಿಯೇ ಪರಿಪೂರ್ಣವಾಗಿದೆ. ಅದಕ್ಕೆ ಭೌತಶಾಸ್ತ್ರದ ಮುದ್ರೆಯನ್ನೊತ್ತಿದರೆ ಕಾವ್ಯಕ್ಕೂ ಗೌರವವಿಲ್ಲ, ಶಾಸ್ತ್ರಕ್ಕೂ ಲಾಭವಿಲ್ಲ.

ಶಬ್ದದ ಶುದ್ಧಿಯಿಂದ ಲೋಕಕ್ಕಾಗುವ ಪ್ರಯೋಜನವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. ಮೊದಲನೆಯದು ಆಸ್ಪತ್ರೆಯದು. ಎಕ್ಸ್‌ರೇ ಕೋಣೆಗಳಲ್ಲಿಯೂ ವಿಕಿರಣಚಿಕಿತ್ಸೆಯ ಶಾಲೆಗಳಲ್ಲಿಯೂ ದುಡಿಯುವವರು ಎದೆಯ ಮೇಲೆ ಒಂದು ಬಿಲ್ಲೆಯನ್ನು ಧರಿಸುವರು. ಭಾಭಾ ಪರಮಾಣು ಸಂಶೋಧನ ಕೇಂದ್ರವು ರೂಪಿಸಿದ ಈ ಬಿಲ್ಲೆಯಲ್ಲಿ, ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನಿನಲ್ಲಿ ಸೇರಿಸಿ ಮಾಡಿದ ಮೂರು ತಟ್ಟೆಗಳಿರುವುವು. ೧೯೭೫ರಿಂದ ಭಾರತದಲ್ಲಿ ಇದು ಬಳಕೆಗೆ ಬಂದಿತು. ಅವಧಿ ಮುಗಿದ ಮೇಲೆ ತಟ್ಟೆಗಳನ್ನು ಯಂತ್ರದಲ್ಲಿ ಕಾಯಿಸಿ, ಹೊರಟ ಬೆಳಕನ್ನು ಅಳೆದು, ಧರಿಸಿದವನಿಗೆ ತಾಗಿದ ವಿಕಿರಣವೆಷ್ಟೆಂದು ತಿಳಿಯುವರು. ನಮ್ಮ ದೇಶದಲ್ಲಿ ಅಂತಹ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ ೩೦ ಮಿಲಿಸೀವರ್ಟ್ ಎಂಬ ಮಿತಿಯನ್ನು ವಿಧಿಸಲಾಗಿದೆ. ‘ಉಷ್ಣದೀಪ್ತಿ’ ಎಂಬ ಹೆಸರನ್ನು ಕೇಳಿದವನು ಬಿಲ್ಲೆಯು ಬಿಸಿಯನ್ನು ಅಳೆಯುವುದೆಂದು ಭ್ರಮಿಸಬಹುದು. ‘ತಾಪಪ್ರೇರಿತ’ ಎಂಬುದನ್ನು ಅರಿತವನಿಗೆ, ಅಕಾಲದಲ್ಲಿ ಕಾವು ತಾಗಿದರೆ ಕೂಡಿಟ್ಟ ಲೆಕ್ಕವು ಅಳಿಸಿಹೋಗುವುದೆಂದೂ, ಬಿಲ್ಲೆಯನ್ನು ಬಿಸಿಲಿಗೂ ಬೆಂಕಿಗೂ ದೂರವಿಡಬೇಕೆಂಬ ವಿಧಿಗೆ ಇದೇ ಕಾರಣವೆಂದೂ ತಾನಾಗಿ ಹೊಳೆಯುವುದು.

ಎರಡನೆಯದು ಪುರಾತತ್ತ್ವದ್ದು. ಕುಂಬಾರನ ಆವಗೆಯ ಬೆಂಕಿಯಲ್ಲಿ ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು ಅದುವರೆಗೆ ಕೂಡಿಟ್ಟುದನ್ನೆಲ್ಲ ಕಳೆದುಕೊಳ್ಳುವುವು. ಅಂದಿನಿಂದ ಹೊಸ ಲೆಕ್ಕವು ಮೊದಲಾಗುವುದು. ಈ ತತ್ತ್ವದಿಂದ ಮಡಕೆಗಳ ಕಾಲವನ್ನು ತಿಳಿಯಬಹುದೆಂದು ೧೯೫೩ರಲ್ಲಿ ಫ್ಯಾರಿಂಗ್‌ಟನ್ ಡೇನಿಯಲ್ಸ್ ಮೊದಲಾದವರು ಸೂಚಿಸಿದರು. ೧೯೬೦ರ ದಶಕದಲ್ಲಿ ಆಕ್ಸ್‌ಫರ್ಡಿನ ಏಟ್‌ಕೆನ್ ಮತ್ತು ಅವರ ಸಂಗಡಿಗರು ಅದನ್ನು ವಿಧಾನವಾಗಿ ಬೆಳೆಸಿದರು. ಗಣಿತವು ಸುಲಭ: ಒಂದು ಬೋಕಿಯಲ್ಲಿ ಒಟ್ಟು ೧೦ ಗ್ರೇಯಷ್ಟು ವಿಕಿರಣದ ಫಲವು ಕಂಡು, ವರ್ಷವೊಂದಕ್ಕೆ ೪ ಮಿಲಿಗ್ರೇ ಸೇರಿದ್ದರೆ, ಸುಟ್ಟು ೨೫೦೦ ವರ್ಷಗಳಾದುವೆಂದು ಲೆಕ್ಕ. ವರ್ಷದ ಪ್ರಮಾಣವನ್ನು ತಿಳಿಯುವುದಕ್ಕೆ ಬೋಕಿಯು ಹುದುಗಿದ್ದ ಮಣ್ಣೂ ಬೇಕು. ತೊಳೆದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಡಕೆಯು ನೋಟಕ್ಕೆ ಅಂದವಾದರೂ ಅರ್ಧ ಸಾಕ್ಷ್ಯವನ್ನು ಕಳೆದುಕೊಂಡಂತೆಯೇ. ಎಲೆಕ್ಟ್ರಾನುಗಳು ನಿಲ್ಲತಕ್ಕ ಸ್ಥಾನಗಳೆಲ್ಲ ತುಂಬಿದ ಮೇಲೆ ಲೆಕ್ಕವು ಮುಂದುವರಿಯದು. ಆದುದರಿಂದ ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದಾದ ಲಾಲ್‌ಬಾಗಿನ ಬಂಡೆಗೆ ಈ ವಿಧಾನದಿಂದ ವಯಸ್ಸನ್ನು ಕೇಳುವಂತಿಲ್ಲ.

ಕರ್ನಾಟಕದಲ್ಲಿ ಇದರಿಂದಾದ ಫಲವು ಸ್ವಲ್ಪವಲ್ಲ. ೧೯೪೭ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ವ್ಹೀಲರ್, ಅಲ್ಲಿನ ಬೃಹತ್‌ಶಿಲಾಸಂಸ್ಕೃತಿಯು ಕ್ರಿ. ಪೂ. ೨೦೦ರ ಸುಮಾರಿನಲ್ಲಿ ಆರಂಭವಾಯಿತೆಂದು ಎಣಿಸಿದರು. ೧೯೬೫ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆಸಿದ ಹಳ್ಳೂರಿನಲ್ಲಿ, ಇಂಗಾಲದ ವಿಧಾನದಿಂದ ಕಬ್ಬಿಣದ ಬಳಕೆಯು ಕ್ರಿ. ಪೂ. ೧೦೦೦ದ ಸುಮಾರಿಗೆ ಹಿಂದೆ ಸರಿಯಿತು. ಕೊಮಾರನಹಳ್ಳಿಯ ಬೃಹತ್‌ಶಿಲಾಕಾಲದ ಮಡಕೆಗಳ ತಾಪದೀಪ್ತಿಯನ್ನು ಅಳೆದಾಗ, ಕ್ರಿ. ಪೂ. ಎರಡನೆಯ ಸಹಸ್ರಮಾನದ ಉತ್ತರಾರ್ಧಕ್ಕೆ ಸೇರುವ ಸಂಖ್ಯೆಗಳೂ ದೊರೆತುವು.

ಆದರೆ ಈ ಸಂಖ್ಯೆಗಳು ಯಾವುದರ ಕಾಲವನ್ನು ಹೇಳುವುವು? ಆ ಮಣ್ಣು ಕಡೆಯದಾಗಿ ಬೆಂಕಿಯನ್ನು ಕಂಡ ಕಾಲವನ್ನು ಮಾತ್ರ. ಮಡಕೆಯ ಪಕ್ಕದಲ್ಲಿ ದೊರೆತ ಕಬ್ಬಿಣದ ಕಾಲವನ್ನು ಅವು ಸಾನ್ನಿಧ್ಯದಿಂದ ಸೂಚಿಸುವುವೇ ಹೊರತು ಸಾಕ್ಷಾತ್ತಾಗಿ ಹೇಳುವುದಿಲ್ಲ. ಆ ಜನರ ಭಾಷೆಯ ಕಾಲವನ್ನಂತೂ ಎಳ್ಳಷ್ಟೂ ಹೇಳುವುದಿಲ್ಲ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದು ಹೊಸ ಮಾತಲ್ಲ. ಓಲೆಯ ಕಡೆಯಲ್ಲಿ ಲಿಪಿಕಾರನು ಬರೆದ ಸಂವತ್ಸರವು ಆ ಪ್ರತಿಯ ಕಾಲವನ್ನು ಹೇಳುವುದೇ ಹೊರತು ಕವಿಯ ಕಾಲವನ್ನಲ್ಲ. ಪ್ರತಿಕಾಲಕ್ಕೂ ಕವಿಕಾಲಕ್ಕೂ ಭೇದವೆಣಿಸುವ ವಿದ್ವಾಂಸನು ಮಡಕೆಯ ಸಂಖ್ಯೆಯನ್ನು ಕಂಡಾಗ ಮಾತ್ರ ಆ ವಿವೇಕವನ್ನು ಮರೆತು, ಅದನ್ನು ಕನ್ನಡ ನುಡಿಯ ಪ್ರಾಚೀನತೆಗೆ ಆಧಾರವಾಗಿ ಹಿಡಿಯುವುದು ಯುಕ್ತವಲ್ಲ. ಈ ಪ್ರಮಾದಕ್ಕೆ ಬೀಜವು ಹೆಸರಿನಲ್ಲಿಯೇ ಇದೆ. ಕಾವು ಬೆಳಕನ್ನು ಹುಟ್ಟಿಸಿತೆಂದು ತಿಳಿದವನು ‘ಕಡೆಯ ಕಾವು ಯಾವಾಗ?’ ಎಂದು ಕೇಳಲಾರನು. ಕಾವು ಲೆಕ್ಕವನ್ನು ಅಳಿಸುವುದೆಂದು ತಿಳಿದವನು ಅದನ್ನೇ ಮೊದಲು ಕೇಳುವನು.

ಆದುದರಿಂದ ನಿರ್ಣಯವಿಷ್ಟು: ‘ಉಷ್ಣದೀಪ್ತಿ’, ‘ಉಷ್ಣಸಂದೀಪ್ತಿ’ಗಳನ್ನು ಬಿಡುವುದು ಮೇಲು. ಪಾಠಪುಸ್ತಕಗಳಲ್ಲಿ ಮೊದಲು ಬರುವೆಡೆಯಲ್ಲಿ ‘ತಾಪಪ್ರೇರಿತದೀಪ್ತಿ’ ಎಂದು ಪೂರ್ಣವಾಗಿ ಬರೆದು, ಅನಂತರ ‘ತಾಪದೀಪ್ತಿ’ ಎಂದು ಸಂಕ್ಷೇಪಿಸಬಹುದು. ಉಪಾಧ್ಯಾಯರು ಲೋಪವಾದ ಮಧ್ಯಮಪದವನ್ನು ಪಾಠಕಾಲದಲ್ಲಿ ತಪ್ಪದೆ ತುಂಬಿ ಹೇಳಬೇಕು. ಆಗ ರಿಚರ್ಡ್ಸ್ ಟೌನಿನಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವ ಬಾಲಕನಿಗೂ ಆ ಒಂದು ಸಮಾಸದಿಂದಲೇ ಬಿಲ್ಲೆಯ ಉಪಯೋಗವೂ ಬೋಕಿಯ ವಯಸ್ಸೂ ಒಟ್ಟಿಗೆ ತಿಳಿಯುವುವು.