ಹಾಡಿಗೆ ಸೋತ ರಾಣಿ

ಜನ್ನನ ‘ಯಶೋಧರ ಚರಿತೆ’ (1209) ಜೀವದಯೆಯನ್ನು ಸಾರುವ ಜೈನ ಕಾವ್ಯ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಹಿಂಸೆ ಹಿಂಸೆಯೇ, ಸಂಕಲ್ಪಕ್ಕೂ ಕರ್ಮಫಲವುಂಟು ಎಂಬುದು ಅದರ ತಿರುಳು. ಆದರೆ ಎಂಟು ಶತಮಾನಗಳಿಂದ ಓದುಗರನ್ನು ಕಾಡುತ್ತ ಬಂದವಳು ಹಾದಿ ತಪ್ಪಿದವಳೆಂದು ಕಥೆ ದೂರುವ ರಾಣಿ ಅಮೃತಮತಿ.

ರಾಜ ಯಶೋಧರನ ತೋಳಲ್ಲಿದ್ದವಳ ಕಿವಿಗೆ ಮಾವುತನೊಬ್ಬನ ಹಾಡು ಬೀಳುತ್ತದೆ. ಮುಖ ನೋಡುವ ಮೊದಲೇ ಮನಸ್ಸು ಸೋಲುತ್ತದೆ. ವಿಚಾರಿಸಲು ಹೋದ ದೂತಿ ಆ ಮಾವುತ ಅಷ್ಟಾವಂಕನ ವಿಕಾರ ರೂಪ ಕಂಡು ಹೇಸಿ ಬರುತ್ತಾಳೆ. ಒಲಿದ ಮೇಲೆ ರೂಪದ ಗೊಡವೆ ಯಾಕೆ ಎಂಬುದು ರಾಣಿಯ ನಿಲುವು. ಕಾವ್ಯ ಬಹುತೇಕ ಕಂದಪದ್ಯಗಳಲ್ಲಿದೆ. ನಾಲ್ಕು ಸಾಲು, ಒಟ್ಟು 64 ಮಾತ್ರೆ. ಇಷ್ಟು ಚಿಕ್ಕ ಜಾಗದಲ್ಲಿ ವರ್ಣನೆಗೆ ಬಿಡುವಿಲ್ಲ. ಮಾತು, ಮರುಮಾತು, ತಟ್ಟನೆ ಮುಂದಿನ ಹೆಜ್ಜೆ. ಹಳಗನ್ನಡಕ್ಕೆ ಅಂಜುವವರೂ ಗಟ್ಟಿಯಾಗಿ ಓದಿಕೊಂಡರೆ ಈ ವೇಗ ಹಿಡಿತಕ್ಕೆ ಸಿಗುತ್ತದೆ.

ಕಷ್ಟವಿರುವುದು ಆನೆಲಾಯದ ರಾತ್ರಿಯಲ್ಲಿ. ತಡವಾಗಿ ಬಂದಳೆಂದು ಅಷ್ಟಾವಂಕ ಅವಳನ್ನು ಹೊಡೆಯುತ್ತಾನೆ. ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಇದನ್ನು ಒಲವಿನ ಗೆಲುವೆಂದು ಕೊಂಡಾಡುವ ಓದು ಆ ಏಟುಗಳನ್ನು ಮರೆಯುತ್ತದೆ. ಬರೀ ಕಾಮವೆಂದು ತಳ್ಳಿಹಾಕುವ ಓದು ಅವಳ ನಿಷ್ಠೆಯನ್ನು ಮರೆಯುತ್ತದೆ. ಮರೆಯಲ್ಲಿ ನಿಂತು ನೋಡಿದ ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಅಂಥದೇ ತಡೆ ಓದುಗನಿಗೂ ಬೇಕು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಾಜ ಮಾರಿದತ್ತನ ಬಲಿಪೀಠದೆದುರು ಈ ಕಥೆ ಹೇಳುವವನು ಅಭಯರುಚಿ, ಅಂದರೆ ಹಲವು ಜನ್ಮಗಳನ್ನು ದಾಟಿ ಬಂದ ಯಶೋಧರನೇ! ಹೆಂಡತಿಯಿಂದ ವಿಷವುಂಡು ಸತ್ತವನ ಬಾಯಲ್ಲೇ ಅವಳ ಪುಲಕವೂ ಇಷ್ಟು ಸೂಕ್ಷ್ಮವಾಗಿ ಮೂಡುತ್ತದೆ. ಜನ್ನನ ದೊಡ್ಡತನ ಇಲ್ಲಿದೆ.

ಕೊನೆಕೊನೆಗೆ ಆ ಔದಾರ್ಯ ಉಳಿಯುವುದಿಲ್ಲ. ಯಶೋಧರ ಕೊಟ್ಟ ಹಿಟ್ಟಿನ ಕೋಳಿಯ ಬಲಿಯ ಫಲವಾಗಿ ನವಿಲು, ನಾಯಿ, ಮೀನು ಎಂದು ಜನ್ಮಗಳ ಸರಣಿ ಅವಸರದಲ್ಲಿ ಸಾಗುತ್ತದೆ; ಅಮೃತಮತಿಯ ಪಾಲಿಗೆ ನರಕ. ಸಾಯುವ ಮುನ್ನ ಅವಳಿಗೆ ಏನನ್ನಿಸಿತು ಎಂಬುದಕ್ಕೆ ಒಂದು ಕಂದವನ್ನಾದರೂ ಕವಿ ಮೀಸಲಿಡಬೇಕಿತ್ತು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಇದೇ ಕಥೆಯ ರಾಣಿಯನ್ನೇ ಅಹಿಂಸೆಯ ಪಕ್ಷದಲ್ಲಿ ನಿಲ್ಲಿಸಿ ಅವಳಿಗೆ ವಾದಿಸುವ ಬಲ ಕೊಟ್ಟಿತು. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಜನ್ನ ಅವಳ ಬಾಯಿ ಮುಚ್ಚಿಸಿದ ಜಾಗ ಸ್ಪಷ್ಟವಾಗಿ ಕಾಣುತ್ತದೆ.